ಮದುವೆ ನೆನಪಿರಲಿ, ಸಾಲ ಉಳಿಯದಿರಲಿ



ಸುಗ್ಗಿ ಮುಗಿದು ಭತ್ತ, ಹತ್ತಿ, ತೊಗರಿ ಮನೆ ಸೇರಿತು ಅಂದರೆ ನಮ್ಮ ಕಡೆ ಮದುವೆಗಳ ಕಾಲ ಶುರುವಾಗುತ್ತದೆ. ಮಾನ್ವಿ, ದೇವದುರ್ಗ, ರಾಯಚೂರು ಎಲ್ಲಿ ನೋಡಿದರೂ ಹಂದರ, ಶಾಮಿಯಾನ, ಬಾಜಾ ಭಜಂತ್ರಿ. ಅದೇ ಹೊತ್ತಿಗೆ ಸಂಘಗಳ ಸಭೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಸಿಸ್ಟರ್, ಮಗಳ ಮದಿವಿ ಐತ್ರಿ, ಸಾಲ ಕೊಡಸ್ರಿ."

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಎರಡರಲ್ಲೂ ಲೆಕ್ಕ ತಪ್ಪುತ್ತದೆ. ಆದರೆ ಮನೆ ಕಟ್ಟಿದರೆ ಗೋಡೆಯಾದರೂ ನಿಲ್ಲುತ್ತದೆ. ಮದುವೆಯ ಖರ್ಚಿನಲ್ಲಿ ಮರುದಿನ ಏನು ಉಳಿಯುತ್ತದೆ? ಶಾಮಿಯಾನದವರು ಬಟ್ಟೆ ಬಿಚ್ಚಿಕೊಂಡು ಹೋಗುತ್ತಾರೆ, ಡಿಜೆಯವರು ಡಬ್ಬಿ ಹೊತ್ತುಕೊಂಡು ಹೋಗುತ್ತಾರೆ, ಉಂಡವರು ಊರಿಗೆ ಹೋಗುತ್ತಾರೆ. ಉಳಿಯುವುದು ಎರಡೇ. ಒಂದು ನೆನಪು, ಇನ್ನೊಂದು ಸಾಲ. ನೆನಪು ಹೆಚ್ಚಾಗಿ, ಸಾಲ ಕಡಿಮೆಯಾಗುವ ಹಾಗೆ ಮದುವೆ ಮಾಡುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಬ್ಬ ತಾಯಿ, ಎರಡು ಮದುವೆ

ನಮ್ಮ ಒಂದು ಸಂಘದ ಸದಸ್ಯೆ. ಗಂಡ ತೀರಿಕೊಂಡಿದ್ದಾನೆ, ಎರಡು ಹೆಣ್ಣುಮಕ್ಕಳು. ಹೆಸರು ಬೇಡ, ಏಕೆಂದರೆ ಈ ಕಥೆ ನಮ್ಮಲ್ಲಿ ಬಹಳ ಮಂದಿಯದು.

ಹಿರಿಯ ಮಗಳ ಮದುವೆಗೆ ಆಕೆ ಊರಿನ ಒಬ್ಬರ ಹತ್ತಿರ 1,50,000 ರೂಪಾಯಿ ಸಾಲ ತೆಗೆದಳು. ಬಡ್ಡಿ ನೂರಕ್ಕೆ ಮೂರು ರೂಪಾಯಿ. ಕೇಳಲಿಕ್ಕೆ "ಮೂರೇ ರೂಪಾಯಿ" ಅನಿಸುತ್ತದೆ. ಆದರೆ ಅದು ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ತಿಂಗಳಿಗೆ 4,500 ರೂಪಾಯಿ ಬಡ್ಡಿಯೇ ಆಯಿತು. ಮೂರು ವರ್ಷಕ್ಕೆ ಬಡ್ಡಿ ಮಾತ್ರ 1,62,000 ರೂಪಾಯಿ. ಅಸಲಿಗಿಂತ ಬಡ್ಡಿ ಹೆಚ್ಚಾಯಿತು, ಅಸಲು ಮಾತ್ರ ಇದ್ದಲ್ಲೇ ಕುಳಿತಿತ್ತು. ಕೊನೆಗೆ ಮನೆಗೆ ಬೀಗ ಹಾಕಿ, ಏಳನೇ ಕ್ಲಾಸಿನ ಕಿರಿಯ ಮಗಳ ಶಾಲೆ ಬಿಡಿಸಿ, ಬೆಂಗಳೂರಿಗೆ ಗುಳೆ ಹೋದರು. ಕಟ್ಟಡ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ.

ಅಂದರೆ ಅಕ್ಕನ ಮದುವೆಯ ಊಟದ ಬೆಲೆಯನ್ನು ತಂಗಿಯ ಓದು ಕಟ್ಟಿತು. ಈ ಮಾತನ್ನು ಆ ತಾಯಿಯೇ ಸಭೆಯಲ್ಲಿ ಹೇಳಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು: "ಸಿಸ್ಟರ್, ಅಷ್ಟು ಖರ್ಚು ಮಾಡಿದೆ. ಆ ಮದಿವ್ಯಾಗ ನನಗ ಏನ್ ನೆನಪೈತಿ ಅಂದ್ರ, ಸಾರು ಸಾಲಲಿಲ್ಲ ಅಂತ ಬೀಗರು ಜಗಳಾಡಿದ್ದೊಂದ ನೆನಪೈತಿ. ಮಗಳ ಮಾರಿ ನಾನು ಸರಿಯಾಗಿ ನೋಡಲೇ ಇಲ್ಲ."

ಕಿರಿಯ ಮಗಳ ಮದುವೆಯನ್ನು ಆಕೆ ಬೇರೆ ರೀತಿ ಮಾಡಿದಳು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಸರಳ ಮದುವೆ ಅಂದರೆ ಬಡವರ ಮದುವೆ ಅಲ್ಲ

"ಸರಳವಾಗಿ ಮಾಡ್ರಿ" ಅಂದ ಕೂಡಲೆ ನಮ್ಮ ಅಕ್ಕಂದಿರ ಮುಖ ಸಣ್ಣದಾಗುತ್ತದೆ. "ನಮಗ ಗತಿ ಇಲ್ಲ ಅಂತ ಮಂದಿ ಆಡಿಕೊಳ್ತಾರ್ರಿ." ಆದರೆ ಸರಳ ಮದುವೆಯ ದಾರಿಯನ್ನು ನಮ್ಮ ನಾಡಿನಲ್ಲಿ ತೋರಿಸಿದವರು ಗತಿ ಇಲ್ಲದವರಲ್ಲ.

ರಾಷ್ಟ್ರಕವಿ ಕುವೆಂಪು ಅವರು 'ಮಂತ್ರ ಮಾಂಗಲ್ಯ' ಎಂಬ ಮದುವೆಯ ಕ್ರಮವನ್ನು ರೂಪಿಸಿದರು. ಅದರಲ್ಲಿ ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಹೆಣ್ಣು ಗಂಡು ಸಮಾನರು ಎಂದು ತಿಳಿದು, ಅರ್ಥವಾಗುವ ಭಾಷೆಯಲ್ಲಿ ಮಾತು ಕೊಟ್ಟು, ಹತ್ತಿರದವರ ಎದುರಿಗೆ ಮದುವೆಯಾಗುತ್ತಾರೆ. ಅವರ ಮಗ, ಹೆಸರಾಂತ ಲೇಖಕ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ 1966ರಲ್ಲಿ ಇದೇ ರೀತಿ ನಡೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು ಸಾವಿರಾರು ಮಂದಿಯನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಇಷ್ಟು ವರ್ಷವಾದರೂ ಆ ಮದುವೆಯನ್ನು ಜನ ನೆನೆಸುತ್ತಾರೆ. ಇವತ್ತಿಗೂ ಕರ್ನಾಟಕದ ಎಷ್ಟೋ ಯುವಕ ಯುವತಿಯರು ಮಂತ್ರ ಮಾಂಗಲ್ಯದ ಮದುವೆ ಆಗುತ್ತಿದ್ದಾರೆ.

ಧರ್ಮಸ್ಥಳದಲ್ಲಿ 1972ರಲ್ಲಿ ಸಾಮೂಹಿಕ ವಿವಾಹ ಆರಂಭವಾಯಿತು. ನಮ್ಮ ಭಾಗದ ಮಠಗಳ ಜಾತ್ರೆಗಳಲ್ಲೂ ಸಾಮೂಹಿಕ ಮದುವೆಗಳು ನಡೆಯುತ್ತವೆ. ಇವೆಲ್ಲ ಸಾಲದ ಹೊರೆ ತಪ್ಪಿಸಲಿಕ್ಕೆ ಹುಟ್ಟಿಕೊಂಡ ದಾರಿಗಳು.

ನಮ್ಮ ಚೀಕಲಪರ್ವಿಯನ್ನೇ ನೋಡಿ. ತುಂಗಭದ್ರೆಯ ದಂಡೆಯ ಈ ಊರಿನಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರದು ಕಡುಬಡತನದ ಮನೆ. ಅವರು ಬಿಟ್ಟು ಹೋಗಿದ್ದು ಹಾಡು. ಮುನ್ನೂರು ವರ್ಷದ ಮೇಲೂ ಜನ ಹಾಡುತ್ತಾರೆ. ಬೆಲೆ ಕೊಟ್ಟು ಕೊಂಡದ್ದು ಹಳತಾಗುತ್ತದೆ, ಮನಸ್ಸು ಕೊಟ್ಟು ಮಾಡಿದ್ದು ಉಳಿಯುತ್ತದೆ. ಮದುವೆಗೂ ಇದೇ ಮಾತು.

ಮೊದಲ ಹೆಜ್ಜೆ: ಮಕ್ಕಳನ್ನು ಕೇಳಿ

ನಾವು ಮದುವೆಯ ಮಾತುಕತೆಗೆ ಕುಳಿತಾಗ ಸೋದರಮಾವ, ದೊಡ್ಡಪ್ಪ, ಊರಿನ ಗೌಡರು ಎಲ್ಲರೂ ಮಾತಾಡುತ್ತಾರೆ. ಮದುವೆ ಆಗುವ ಹುಡುಗಿ ಒಳಗೆ ಚಹಾ ಮಾಡುತ್ತಿರುತ್ತಾಳೆ. ಆಕೆಯನ್ನು ಯಾರೂ ಕೇಳುವುದಿಲ್ಲ.

ನಿಶ್ಚಯಕ್ಕೆ ಮುಂಚೆಯೇ ಹುಡುಗ ಹುಡುಗಿ ಹಿರಿಯರ ಕಣ್ಣಳತೆಯಲ್ಲಿ ಕುಳಿತು ಒಂದು ತಾಸು ಮಾತಾಡಲಿ. ನಿನಗೆ ಈ ಮದುವೆ ಒಪ್ಪಿಗೆಯೋ? ಮುಂದೆ ಓದುತ್ತೀಯೋ? ಕೆಲಸಕ್ಕೆ ಹೋಗುತ್ತೀಯೋ? ಆಮೇಲೆ ಇಬ್ಬರನ್ನೂ ಕೇಳಿ: ನಿಮ್ಮ ಮದುವೆಯಲ್ಲಿ ನಿಮಗೆ ಬೇಕೇಬೇಕು ಅನ್ನುವ ಮೂರು ಸಂಗತಿ ಯಾವುವು?

ನಾನು ಹೀಗೆ ಕೇಳಿದಾಗ ಯಾವ ಹುಡುಗಿಯೂ ಡಿಜೆ ಬೇಕು ಅಂದಿಲ್ಲ. ಒಬ್ಬಳು "ನಮ್ಮ ಅಜ್ಜಿ ನನ್ನ ಪಕ್ಕ ಕೂಡಬೇಕು" ಅಂದಳು. ಇನ್ನೊಬ್ಬಳು "ನನ್ನ ಹೈಸ್ಕೂಲಿನ ಟೀಚರ್ ಬರಬೇಕು" ಅಂದಳು. ಇವಕ್ಕೆ ಎಷ್ಟು ಖರ್ಚು?

ನಂತರ ಎರಡೂ ಮನೆಯವರು ಒಂದು ಹಾಳೆಯಲ್ಲಿ ಮೂರು ಗೆರೆ ಹಾಕಿ ಬರೆಯಿರಿ: ಬೇಕೇಬೇಕಾದದ್ದು, ಆದರೆ ಮಾಡೋಣ ಅನ್ನುವುದು, ಮಂದಿ ನೋಡಲಿ ಅಂತ ಮಾಡುವುದು. ಮೂರನೆಯದರಲ್ಲಿ ಬಂದದ್ದನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋಗಿ. ಅರ್ಧ ಸಾಲ ಅಲ್ಲಿಯೇ ಇಳಿಯುತ್ತದೆ.

ಮದುವೆಯನ್ನು ನಮ್ಮದಾಗಿಸುವ ಕೆಲವು ದಾರಿಗಳು

1. ಆಮಂತ್ರಣ. ದುಬಾರಿ ಕಾರ್ಡು ಓದಿದ ಮೇಲೆ ಗೂಡು ಸೇರುತ್ತದೆ. ಅದರ ಬದಲು ಸಾದಾ ಕಾಗದದಲ್ಲಿ ಹುಡುಗ ಹುಡುಗಿ ಸೇರಿ ನಾಲ್ಕು ಸಾಲು ಬರೆಯಲಿ. ತಾಯಂದಿರ ಹೆಸರು ತಂದೆಯರ ಹೆಸರಿನ ಜೊತೆಗೆ, ಅದೇ ಅಳತೆಯ ಅಕ್ಷರದಲ್ಲಿ ಇರಲಿ. ತಾಯಿ ಒಬ್ಬಳೇ ಸಾಕಿದ್ದರೆ ಆಕೆಯ ಹೆಸರೊಂದೇ ಸಾಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದೂರದವರಿಗೆ ಮೊಬೈಲಿನಲ್ಲಿ ಮಗಳ ದನಿಯಲ್ಲೇ ಕರೆ ಕಳಿಸಿ. "ನಾನು ನಿಮ್ಮ ಮನೆ ಹುಡುಗಿ, ನನ್ನ ಮದಿವಿಗೆ ಬರ್ರಿ" ಅಂತ ಕೇಳಿದವರು ಮರೆಯುವುದಿಲ್ಲ.

2. ಹಂದರ. ಬಾಳೆಕಂಬ, ಮಾವಿನ ತೋರಣ, ತೆಂಗಿನ ಗರಿ, ಜೋಳದ ದಂಟು ನಮ್ಮ ಸುತ್ತಲೇ ಸಿಗುತ್ತವೆ. ಹಿಂಭಾಗಕ್ಕೆ ಬಾಡಿಗೆ ಪರದೆಯ ಬದಲು ಅಜ್ಜಿಯ, ತಾಯಿಯ, ಚಿಕ್ಕಮ್ಮಂದಿರ ಇಳಕಲ್ ಸೀರೆಗಳನ್ನು ಸಾಲಾಗಿ ಇಳಿಬಿಡಿ. ಫೋಟೋದಲ್ಲಿ ಮಗಳ ಹಿಂದೆ ಮನೆಯ ಹೆಣ್ಣುಮಕ್ಕಳೆಲ್ಲ ನಿಂತ ಹಾಗೆ ಕಾಣುತ್ತದೆ. ಹಂದರ ಹಾಕುವ ಕೆಲಸಕ್ಕೆ ಓಣಿಯ ಹುಡುಗರನ್ನು ಕರೆಯಿರಿ. ಕೈಹಾಕಿದವರಿಗೆ ಅದು ತಮ್ಮ ಮನೆಯ ಮದುವೆ ಅನಿಸುತ್ತದೆ.

3. ಹಾಡು ಮತ್ತು ಒಡಪು. ಅರಿಶಿಣ ಹಚ್ಚುವಾಗ, ಸುರಗಿ ಸುತ್ತುವಾಗ ಹಾಡುವ ಸೋಬಾನೆ ಪದಗಳು ನಮ್ಮ ಮುದುಕಿಯರ ಬಾಯಲ್ಲಿ ಇನ್ನೂ ಇವೆ. ಡಿಜೆ ಗದ್ದಲದಲ್ಲಿ ಅವರು ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಮದುವೆಗೆ ಒಂದು ತಿಂಗಳ ಮುಂಚೆ ಸಂಘದ ಸಭೆ ಮುಗಿದ ಮೇಲೆ ಅರ್ಧ ತಾಸು ಹಾಡು ಕಲಿಯಿರಿ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಅಜ್ಜಿ ನಾಳೆ ಇರುವುದಿಲ್ಲ, ಅವಳ ದನಿ ಇರುತ್ತದೆ.

ಒಡಪು ಹಾಕಿ ಹೆಸರು ಹೇಳುವ ಪದ್ಧತಿ ನಮ್ಮಲ್ಲಿ ಉಂಟು. ಸಾಮಾನ್ಯವಾಗಿ ಹುಡುಗಿಯನ್ನೇ ಕಾಡುತ್ತಾರೆ. ಇಬ್ಬರೂ ಹೇಳಲಿ, ಅದೂ ಸ್ವಂತ ಕಟ್ಟಿದ್ದು. ಹುಡುಗಿ "ಕಾಲುವಿ ನೀರಿಗೆ ಭತ್ತದ ಪೈರು, ನನ್ನ ಬಾಳಿಗೆ ಜೋಡಿ ಇವರು" ಅಂತ ಹೇಳಿ ಹೆಸರು ಹೇಳಿದರೆ, ಹುಡುಗ "ಹೊಲಕ್ಕ ಮಳಿ ಚಂದ, ಮನಿಗೆ ದೀಪ ಚಂದ, ಈಕಿ ಬಂದಳು, ನಮ್ಮ ಮನಿ ಇನ್ನೂ ಚಂದ" ಅಂತ ಹೇಳಲಿ. ಹಂದರವೆಲ್ಲ ನಗುತ್ತದೆ. ಖರ್ಚು ಏನೂ ಇಲ್ಲ.

ಇನ್ನೊಂದು ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದನ್ನು 2000ದ ಶಬ್ದ ಮಾಲಿನ್ಯ ನಿಯಮಗಳು ತಡೆಯುತ್ತವೆ. ಮಗ್ಗುಲ ಮನೆಯಲ್ಲಿ ಬಾಣಂತಿ ಇರಬಹುದು, ಪರೀಕ್ಷೆಗೆ ಓದುವ ಮಗು ಇರಬಹುದು. ಅವರ ಶಾಪ ಮದುಮಕ್ಕಳಿಗೆ ಬೇಡ.

4. ಕೌದಿ. ನನಗೆ ಬಹಳ ಇಷ್ಟವಾದ ಉಡುಗೊರೆ ಇದು. ತಾಯಿಯ ಹಳೆ ಸೀರೆ, ಅಜ್ಜಿಯ ಸೀರೆ, ಅತ್ತೆಯಾಗುವವಳ ಒಂದು ಸೀರೆ, ಹುಡುಗಿ ಚಿಕ್ಕವಳಿದ್ದಾಗ ಹಾಕಿದ ಲಂಗದ ತುಂಡು ಎಲ್ಲ ಸೇರಿಸಿ ಸಂಘದ ಸದಸ್ಯೆಯರೆಲ್ಲ ಒಂದೊಂದು ಸಾಲು ಹೊಲಿಯಿರಿ. ಎರಡು ಮೂರು ತಿಂಗಳು ಮುಂಚೆ ಶುರುಮಾಡಬೇಕು. ಸ್ಟೀಲಿನ ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಈ ಕೌದಿ ಜಗತ್ತಿನಲ್ಲಿ ಒಂದೇ.

5. ಊಟ. ಹತ್ತು ಬಗೆ ಮಾಡಿ ಎಲೆಯಲ್ಲಿ ಬಿಡಿಸುವುದಕ್ಕಿಂತ ಐದು ಬಗೆ ರುಚಿಯಾಗಿ ಮಾಡಿ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿ, ಅನ್ನ ಸಾರು, ಮಜ್ಜಿಗೆ. ನಮ್ಮ ನೆಲದ ಊಟ ಇದು, ಯಾರೂ ಹೆಸರಿಡುವುದಿಲ್ಲ. ರೊಟ್ಟಿಯನ್ನು ಸಂಘದವರು ಹಂಚಿಕೊಂಡು ತಮ್ಮ ತಮ್ಮ ಮನೆಯಲ್ಲಿ ಬಡಿದು ತರಬಹುದು. ಒಂದು ಎಲೆಗೆ 100 ರೂಪಾಯಿ ಅಂತ ಹಿಡಿದರೂ ಸಾವಿರ ಎಲೆಗೆ ಒಂದು ಲಕ್ಷ, ನಾನೂರು ಎಲೆಗೆ ನಲವತ್ತು ಸಾವಿರ. ಯಾರನ್ನು ಕರೆಯಬೇಕು ಎಂಬುದೇ ದೊಡ್ಡ ಲೆಕ್ಕ.

ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಂತಿರುತ್ತದೆ. ಮುಹೂರ್ತ ಬೆಳಿಗ್ಗೆ ಬೇಗ ಇಟ್ಟುಕೊಳ್ಳಿ. ಮಣ್ಣಿನ ಗಡಿಗೆಯಲ್ಲಿ ನೀರು, ಮಜ್ಜಿಗೆ ಸಾಕಷ್ಟು ಇರಲಿ. ಮುದುಕರಿಗೂ ಬಸುರಿಯರಿಗೂ ನೆರಳಿನಲ್ಲಿ ಜಾಗ ಇರಲಿ. ಉಳಿದ ಅಡಿಗೆ ಕೆಡುವ ಮುಂಚೆ ಯಾರಿಗೆ ಹಂಚುವುದು ಎಂದು ಮೊದಲೇ ನಿಶ್ಚಯಿಸಿ, ಒಬ್ಬರಿಗೆ ಆ ಜವಾಬ್ದಾರಿ ಕೊಡಿ.

6. ಆಯೇರಿ ಮತ್ತು ಮುಯ್ಯಿ. ನಾವು ಕೊಟ್ಟ ಜಂಪರ್ ಪೀಸು ನಮ್ಮ ಮನೆಗೇ ಸುತ್ತಿಬರುವುದು ಎಲ್ಲರಿಗೂ ಗೊತ್ತು. ಅದರ ಬದಲು ಸಂಘದವರೆಲ್ಲ ಸೇರಿ ಮದುಮಕ್ಕಳಿಗೆ ನಿಜವಾಗಿ ಬೇಕಾದ ಒಂದೇ ವಸ್ತು ಕೊಡಿ: ಹೊಲಿಗೆ ಯಂತ್ರ, ಮಂಚ, ಒಂದು ಆಡು. ಬಂದವರಿಗೆ ತಾಂಬೂಲದ ಜೊತೆ ನುಗ್ಗೆ ಅಥವಾ ಕರಿಬೇವಿನ ಸಸಿ ಕೊಡಬಹುದು. ವರ್ಷದ ಮೇಲೆ "ನಿನ್ನ ಮದಿವಿ ನುಗ್ಗಿ ಕಾಯಿ ಬಿಟ್ಟೈತಿ" ಅಂತ ಹೇಳಿದರೆ ಅದಕ್ಕಿಂತ ಸಂತೋಷ ಏನಿದೆ?

7. ಮಾತು ಕೊಡುವುದು. ಎಲ್ಲ ಧರ್ಮದ ಮದುವೆಯಲ್ಲೂ ವಚನ ಇದೆ. ಆದರೆ ಹಲವು ಸಲ ಅದು ನಮಗೆ ತಿಳಿಯುವುದಿಲ್ಲ. ಧಾರ್ಮಿಕ ವಿಧಿ ಮುಗಿದ ಮೇಲೆ ಹುಡುಗ ಹುಡುಗಿ ತಮ್ಮದೇ ಮಾತಿನಲ್ಲಿ ನಾಲ್ಕು ವಚನ ಎಲ್ಲರ ಎದುರು ಓದಲಿ. "ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ." "ಇಬ್ಬರ ದುಡಿಮೆ ಇಬ್ಬರ ಹೆಸರಿನ ಖಾತೆಗೆ." "ನಿನ್ನ ತಾಯಿ ನನಗೂ ತಾಯಿ." ಬರೆದು ಸಹಿ ಹಾಕಿ, ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಲಿ. ನಾಳೆ ಜಗಳ ಬಂದಾಗ ಗೋಡೆಯೇ ಸಾಕ್ಷಿ ಹೇಳುತ್ತದೆ.

8. ಮೂಲೆಯಲ್ಲಿ ನಿಂತವರು. ಅಕ್ಕತಂಗಿಯರೆ, ಇದು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಮಾತು. ಗಂಡ ಸತ್ತ ತಾಯಿ ಮಗಳನ್ನು ಹೊತ್ತು, ಹೆತ್ತು, ಹೊಲದಲ್ಲಿ ದುಡಿದು ಸಾಕುತ್ತಾಳೆ. ಅಕ್ಕಿಕಾಳು ಹಾಕುವ ಹೊತ್ತಿಗೆ ಮಾತ್ರ ಅವಳು ಅಡಿಗೆ ಮನೆಯ ಬಾಗಿಲ ಹಿಂದೆ ನಿಲ್ಲಬೇಕು. ಅರಿಶಿಣ ಹಚ್ಚಲಿಕ್ಕೆ "ಮುತ್ತೈದೆಯರು ಬರ್ರಿ" ಅಂತ ಕರೆಯುತ್ತಾರೆ, ಹೆತ್ತವಳನ್ನು ಕರೆಯುವುದಿಲ್ಲ. ತಾಯಿಯ ಕೈ ಮಗಳಿಗೆ ಎಂದಾದರೂ ಅಶುಭ ಆದೀತೆ? ಸಂಘದವರು ಮನಸ್ಸು ಮಾಡಿದರೆ ಇದನ್ನು ಬದಲಿಸಬಹುದು. ಮೊದಲ ಅರಿಶಿಣ ತಾಯಿಯೇ ಹಚ್ಚಲಿ. ಮಕ್ಕಳಾಗದವರು, ಗಂಡ ಬಿಟ್ಟವರು, ಅಂಗವಿಕಲರು ಎಲ್ಲರೂ ಹಂದರದ ನಡುವೆ ಬರಲಿ. ಇಂಥ ಮದುವೆ ಊರಿಗೇ ನೆನಪಿರುತ್ತದೆ.

ತಿಳಿದಿರಲೇಬೇಕಾದ ಕಾನೂನು

ವಯಸ್ಸು: ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. 2006ರ ಬಾಲ್ಯ ವಿವಾಹ ನಿಷೇಧ ಕಾಯ್ದೆಯ ಪ್ರಕಾರ ಬಾಲ್ಯ ವಿವಾಹ ಮಾಡಿಸಿದವರಿಗೆ, ಅದಕ್ಕೆ ಒತ್ತಾಸೆಯಾದವರಿಗೆ, ಅದರಲ್ಲಿ ಪಾಲುಗೊಂಡವರಿಗೆ 2 ವರ್ಷದ ತನಕ ಜೈಲು ಮತ್ತು 1 ಲಕ್ಷ ರೂಪಾಯಿ ತನಕ ದಂಡ ಆಗಬಹುದು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಎಲ್ಲಿಯಾದರೂ ಇಂಥದ್ದು ನಡೆಯುವುದು ತಿಳಿದರೆ 1098ಕ್ಕೆ ಫೋನ್ ಮಾಡಿ. "ಖರ್ಚು ಉಳಿಯುತ್ತದೆ, ಅಕ್ಕನ ಹಂದರದಲ್ಲೇ ತಂಗಿಯದೂ ಮುಗಿಸೋಣ" ಅನ್ನುವ ಮಾತು ನಮ್ಮಲ್ಲಿ ಇದೆ. ಹದಿನೈದು ವರ್ಷದ ಹುಡುಗಿಯ ಬಾಳು ಒಂದು ಹಂದರದ ಬಾಡಿಗೆಗಿಂತ ಅಗ್ಗವಲ್ಲ.

ವರದಕ್ಷಿಣೆ: ಈಗ ಯಾರೂ ಆ ಹೆಸರು ಹೇಳುವುದಿಲ್ಲ. 'ವರೋಪಚಾರ' ಅಂತಾರೆ, 'ಪ್ರೀತಿಯಿಂದ ಒಂದು ಗಾಡಿ' ಅಂತಾರೆ. ಹೆಸರು ಬದಲಾದರೂ 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ ಅದು ವರದಕ್ಷಿಣೆಯೇ. ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಶಿಕ್ಷೆ 5 ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಜೊತೆಗೆ ದಂಡ. ಕೇಳದೆ, ಸಂತೋಷದಿಂದ ಬಂದ ಉಡುಗೊರೆಗಳನ್ನು 1985ರ ನಿಯಮದಂತೆ ಪಟ್ಟಿ ಮಾಡಬೇಕು. ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರ ಸಂಬಂಧ ಏನು ಎಂದು ಬರೆದು ಮದುಮಗ ಮದುಮಗಳು ಇಬ್ಬರೂ ಸಹಿ ಹಾಕಬೇಕು. ಮದುಮಗಳಿಗೆ ಬಂದದ್ದರ ಪಟ್ಟಿ ಮದುಮಗಳ ಹತ್ತಿರವೇ ಇರಬೇಕು. ಆಯೇರಿ ಬರೆಯುವ ವಹಿ ನಮ್ಮಲ್ಲಿ ಹೇಗೂ ಇದೆ, ಅದರ ಪಕ್ಕ ಇದನ್ನೂ ಇಡಿ.

ನೋಂದಣಿ: ಸಂಬಂಧಪಟ್ಟ ಕಚೇರಿಯಲ್ಲಿ ಮದುವೆ ನೋಂದಣಿ ಮಾಡಿಸಿ. ಹಿಂದೂ ವಿವಾಹಗಳಿಗೆ ಇದು ಉಪನೋಂದಣಾಧಿಕಾರಿ ಕಚೇರಿ. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಆಮಂತ್ರಣ ಪತ್ರಿಕೆ, ಮದುವೆಯ ಫೋಟೋ ಮತ್ತು ಸಾಕ್ಷಿಗಳು ಬೇಕು. ಬೇರೆ ಬೇರೆ ಜಾತಿ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಹುದು. ಅದಕ್ಕೆ 30 ದಿನ ಮುಂಚೆ ನೋಟಿಸು ಕೊಡಬೇಕು, ಮೂವರು ಸಾಕ್ಷಿ ಬೇಕು. ಗಂಡ ಬಿಟ್ಟರೆ, ಆಸ್ತಿಯ ಮಾತು ಬಂದರೆ, ವಿಧವಾ ವೇತನಕ್ಕೆ ಅರ್ಜಿ ಹಾಕುವಾಗ ಈ ಒಂದು ಕಾಗದ ನಮ್ಮ ಕೈ ಹಿಡಿಯುತ್ತದೆ.

ಹಣದ ಮಾತು

ಮದುವೆಗೆ ಸಾಲ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಸಾಲಕ್ಕಿಂತ ಮುಂಚೆ ಉಳಿತಾಯ ಬರಲಿ. ತಿಂಗಳಿಗೆ 500 ರೂಪಾಯಿ ಐದು ವರ್ಷ ಇಟ್ಟರೆ ಬಡ್ಡಿ ಬಿಟ್ಟು 30,000 ರೂಪಾಯಿ ಆಗುತ್ತದೆ. ಮೇಲೆ ಹೇಳಿದ ಊಟದ ಲೆಕ್ಕದ ಬಹುಪಾಲು ಅಲ್ಲಿಯೇ ಮುಗಿಯಿತು. ಸಣ್ಣ ಹೆಣ್ಣುಮಗು ಇರುವವರು ಮಗುವಿಗೆ 10 ವರ್ಷ ತುಂಬುವ ಮುಂಚೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹುಡುಗಿಗೆ 18 ತುಂಬಿದ ಮೇಲೆ ಓದಿಗೆ ಅರ್ಧದಷ್ಟು ಹಣ ತೆಗೆಯಬಹುದು.

ಭಾಗ್ಯಲಕ್ಷ್ಮಿ ಬಾಂಡು ಇರುವವರೂ ಗಮನಿಸಿ. 2006ರ ಮಾರ್ಚ್ 31ರ ನಂತರ ಹುಟ್ಟಿದ ಬಡ ಕುಟುಂಬದ ಹೆಣ್ಣುಮಕ್ಕಳಿಗೆ ಬಂದ ಯೋಜನೆ ಇದು. ಮೊದಲು ಸೇರಿದ ಹುಡುಗಿಯರಿಗೆ 2024ರಿಂದ 18 ತುಂಬುತ್ತಿದೆ. 18ಕ್ಕೆ ಮುಂಚೆ ಮದುವೆಯಾದರೆ ಹಣ ಬರುವುದಿಲ್ಲ, ಕನಿಷ್ಠ 8ನೇ ತರಗತಿ ಓದಿರಬೇಕು. ಬಂದ ಹಣವನ್ನು ಶಾಮಿಯಾನಕ್ಕೆ ಸುರಿಯಬೇಡಿ. ಅದು ಮಗಳ ಹಣ, ಅವಳ ಓದಿಗೆ, ಅವಳ ಕಸುಬಿಗೆ ಹೋಗಲಿ.

ಪರಿಶಿಷ್ಟ ಜಾತಿಯ ಜೋಡಿಗಳು ಸಾಮೂಹಿಕ ಸರಳ ವಿವಾಹವಾದರೆ ಸಮಾಜ ಕಲ್ಯಾಣ ಇಲಾಖೆಯಿಂದ ಪ್ರೋತ್ಸಾಹಧನ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡವರಿಗೆ ಮದುವೆಯ ಸಹಾಯಧನ ಇದೆ. ದಿನಾಂಕ ಗೊತ್ತು ಮಾಡುವ ಮುಂಚೆಯೇ ತಾಲೂಕು ಕಚೇರಿಗೆ ಹೋಗಿ ಈಗಿನ ಮೊತ್ತ, ನಿಯಮ ಕೇಳಿ ತಿಳಿದುಕೊಳ್ಳಿ.

ಸಾಲವೇ ಬೇಕಾದರೆ ಸಂಘದಿಂದ ತೆಗೆಯಿರಿ. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿದ್ದೇ ಬಡವರು ಬಡ್ಡಿಯವರ ಬಾಗಿಲಿಗೆ ಹೋಗಬಾರದು ಅಂತ. ಒಂದು ಮದುವೆಗೆ ನಾಲ್ಕು ಕಂಪನಿಯ ಸಾಲ ತೆಗೆದು, ಒಂದರ ಕಂತು ಕಟ್ಟಲಿಕ್ಕೆ ಇನ್ನೊಂದನ್ನು ತೆಗೆಯುವುದು ಬೇಡ. ವಸೂಲಿಗೆ ಬಂದವರು ಬೆದರಿಸಿದರೆ, ಮನೆ ಮುಂದೆ ಗಲಾಟೆ ಮಾಡಿದರೆ ಹೆದರಬೇಡಿ. ಇಂಥ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿದೆ, ಪೊಲೀಸರಿಗೆ ದೂರು ಕೊಡಬಹುದು.

ಕಿರಿಯ ಮಗಳ ಮದುವೆ

ಈಗ ಆ ತಾಯಿಯ ಕಡೆಗೆ ಬರೋಣ. ಬೆಂಗಳೂರಿನಿಂದ ತಿರುಗಿ ಬಂದ ಮೇಲೆ ಕಿರಿಯ ಮಗಳು ಹೊಲಿಗೆ ಕಲಿತಳು, ಹೊರಗಿನಿಂದ ಕಟ್ಟಿ ಹತ್ತನೇ ತರಗತಿ ಪಾಸಾದಳು. ಅವಳಿಗೆ ಇಪ್ಪತ್ತೊಂದು ತುಂಬಿದ ಮೇಲೆ ಮದುವೆ ಕೂಡಿ ಬಂತು. ತಾಯಿ ಬೀಗರ ಮುಂದೆ ಕುಳಿತು, "ನನ್ನ ಹತ್ರ ಇಷ್ಟ ಐತ್ರಿ. ಇದರಾಗ ಆಗೂದಾದ್ರ ಮಾಡೋಣು. ಸಾಲ ಮಾಡಿ ನಿಮಗ ಸೀರಿ ಉಡಿಸಿ, ಆಮ್ಯಾಲ ಮಕ್ಕಳು ಮರಿ ಕಟ್ಟಿಕೊಂಡು ಗುಳೆ ಹೋಗೂದು ನನ್ನ ಕೈಲಿ ಆಗೂದಿಲ್ರಿ" ಅಂತ ಬಾಯಿ ಬಿಟ್ಟು ಹೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ತಾಯಿ, "ನಮ್ಮ ಮ್ಯಾಲೂ ಮಗಳ ಮದಿವಿ ಸಾಲ ಐತ್ರಿ ಅಕ್ಕ. ಹೇಳಾಕ ನಮಗ ಧೈರ್ಯ ಇರಲಿಲ್ಲ" ಅಂದಳು.

ಮನೆಯ ಮುಂದೆ ಹಂದರ. ನಾನೂರು ಎಲೆ. ಸಂಘದವರು ಬಡಿದ ರೊಟ್ಟಿ. ಮದುಮಗಳ ರವಿಕೆ ಅವಳೇ ಹೊಲಿದದ್ದು. ಅಕ್ಕ ಬಂದು ಕೌದಿ ಹೊದಿಸಿದಳು, ಅದರ ನಡುವೆ ಬೆಂಗಳೂರಿನ ಶೆಡ್ಡಿನಲ್ಲಿ ಹೊದೆಯುತ್ತಿದ್ದ ಸೀರೆಯ ಒಂದು ತುಂಡು ಇತ್ತು. ಅರಿಶಿಣದ ಬಟ್ಟಲು ಬಂದಾಗ ತಾಯಿ ಅಭ್ಯಾಸದಂತೆ ಹಿಂದೆ ಸರಿದಳು. ಸಂಘದ ಅಧ್ಯಕ್ಷೆ ಕೈ ಹಿಡಿದು ಮುಂದೆ ತಂದಳು. ಒಬ್ಬಿಬ್ಬರು ಗೊಣಗಿದರು, ಒಬ್ಬ ಹಿರಿಯರು ಎದ್ದು ಹೋದರು. ಅದನ್ನೂ ಹೇಳಲೇಬೇಕು. ಬದಲಾವಣೆ ಒಂದೇ ದಿನದಲ್ಲಿ ಎಲ್ಲರಿಗೂ ಹಿಡಿಸುವುದಿಲ್ಲ. ಆದರೆ ಮಗಳು ತಾಯಿಯ ಕೈ ಬಿಡಲಿಲ್ಲ.

ಸಂಘದಿಂದ ತೆಗೆದದ್ದು 30,000 ರೂಪಾಯಿ ಸಾಲ. ನೂರಕ್ಕೆ ಒಂದು ರೂಪಾಯಿ ಬಡ್ಡಿ. ಒಂದೂವರೆ ವರ್ಷದಲ್ಲಿ ತೀರಿತು.

ಮೊನ್ನೆ ನಾನು ಆಕೆಯನ್ನು ಕೇಳಿದೆ, "ಈ ಮದುವೆಯಲ್ಲಿ ಏನು ನೆನಪಿದೆ?" ಆಕೆ ನಕ್ಕಳು. "ಮಗಳ ಮಾರಿ ನೆನಪೈತ್ರಿ ಸಿಸ್ಟರ್. ಈ ಸಲ ಕಣ್ತುಂಬ ನೋಡಿದೆ."

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಮದುವೆಯ ಸಾಲ ಇನ್ನೂ ತೀರದವರು ಎಷ್ಟು ಮಂದಿ? ತಿಂಗಳಿಗೆ ಒಟ್ಟು ಎಷ್ಟು ಬಡ್ಡಿ ಕಟ್ಟುತ್ತಿದ್ದೇವೆ?

2. ಮುಂದಿನ ಮದುವೆಗೆ ನಾವು ಸೇರಿ ಮಾಡಬಹುದಾದ ಮೂರು ಕೆಲಸ ಯಾವುವು? ರೊಟ್ಟಿ, ಹಾಡು, ಕೌದಿ, ಹಂದರ, ಯಾವುದನ್ನು ಯಾರು ವಹಿಸಿಕೊಳ್ಳುತ್ತಾರೆ?

3. ನಮ್ಮೂರ ಹಂದರದಲ್ಲಿ ಮೂಲೆಯಲ್ಲಿ ನಿಲ್ಲುವವರು ಯಾರು? ಅವರನ್ನು ನಡುವೆ ತರಲು ನಮ್ಮಲ್ಲಿ ಯಾರು ಮೊದಲು ಕೈ ಹಿಡಿಯುತ್ತೇವೆ?

4. ಊರಿನ ಎಲ್ಲ ಸಂಘಗಳು ಸೇರಿ "ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವುದಿಲ್ಲ" ಎಂದು ಒಂದು ತೀರ್ಮಾನ ಮಾಡಬಹುದೆ? ಒಬ್ಬಳೇ ಸರಳವಾಗಿ ಮಾಡಿದರೆ ಮಂದಿ ಆಡಿಕೊಳ್ಳುತ್ತಾರೆ. ಇಪ್ಪತ್ತು ಮನೆಯವರು ಮಾಡಿದರೆ ಅದೇ ಊರಿನ ಪದ್ಧತಿ ಆಗುತ್ತದೆ.

ಈ ಹಂಗಾಮಿನಲ್ಲಿ ಮದುವೆಯಾಗುವ ನಿಮ್ಮೆಲ್ಲರ ಮಕ್ಕಳಿಗೆ ನನ್ನ ಹಾರೈಕೆಗಳು.